ಓದುಗರ ಪ್ರಶ್ನೆ, ವೈದ್ಯರ ಉತ್ತರ: ಒಗ್ಗದ ಆಹಾರ ಬೇರೆ, ಅಲರ್ಜಿ ಬೇರೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಆಹಾರದ ಅಲರ್ಜಿಯನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಅಲರ್ಜಿಯೇ ಇಲ್ಲದ ಹಲವರು ಅಲರ್ಜಿಯ ಹೆಸರಿನಲ್ಲಿ ಒಂದೊಂದೇ ಆಹಾರವನ್ನು ಬಿಡುತ್ತ ಬಂದಿದ್ದಾರೆ. ನಿಜವಾಗಿಯೂ ಅಲರ್ಜಿ ಇರುವ ಕೆಲವರು ಅದನ್ನು ಸಣ್ಣ ತೊಂದರೆಯೆಂದು ಬದಿಗಿಟ್ಟಿದ್ದಾರೆ. ಮೊದಲನೆಯವರು ಅನಗತ್ಯವಾಗಿ ಪೋಷಣೆಯನ್ನು ಕಳೆದುಕೊಳ್ಳುತ್ತಾರೆ, ಎರಡನೆಯವರು ಜೀವವನ್ನೇ ಅಪಾಯಕ್ಕೆ ಒಡ್ಡುತ್ತಾರೆ. ಯಾವ ಆಹಾರವನ್ನು ಬಿಡಬೇಕು ಎಂದು ಕೇಳುವುದಕ್ಕೆ ಮೊದಲು ತಮಗಿರುವುದು ಯಾವ ತೊಂದರೆ ಎಂಬುದನ್ನು ತಿಳಿದುಕೊಳ್ಳಬೇಕೆಂಬುದು ನನ್ನ ಕಳಕಳಿ.

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಲ್ಲಿ ದಿನವೂ ಹಾಲು ಕುಡಿಯುತ್ತಿದ್ದೆ. ಈಗ ಕೆಲವು ವರ್ಷಗಳಿಂದ ದೊಡ್ಡ ಲೋಟದ ತುಂಬ ಹಾಲು ಕುಡಿದರೆ ಗಂಟೆಯೊಳಗೆ ಹೊಟ್ಟೆ ಉಬ್ಬರಿಸಿ, ಗುಡುಗುಡು ಸದ್ದಾಗಿ, ಕೆಲವೊಮ್ಮೆ ಭೇದಿಯೂ ಆಗುತ್ತದೆ. ಮೊಸರಿನಿಂದ ಅಷ್ಟು ತೊಂದರೆಯಿಲ್ಲ. ಇದು ಹಾಲಿನ ಅಲರ್ಜಿ, ಮುಂದೊಂದು ದಿನ ಗಂಟಲು ಕಟ್ಟಿ ಪ್ರಾಣಕ್ಕೇ ಬರಬಹುದು ಎಂದು ಪರಿಚಿತರೊಬ್ಬರು ಹೇಳಿದ ಮೇಲೆ ಹೆದರಿ ಮೊಸರನ್ನೂ ಬಿಟ್ಟಿದ್ದೇನೆ. ಮಾಡಿದ್ದು ಸರಿಯೇ?

ಉತ್ತರ: ನೀವು ಬರೆದ ಲಕ್ಷಣಗಳು ಲ್ಯಾಕ್ಟೋಸ್ ಅಸಹಿಷ್ಣುತೆಯನ್ನು ಸೂಚಿಸುತ್ತವೆಯೇ ಹೊರತು ಅಲರ್ಜಿಯನ್ನಲ್ಲ. ಲ್ಯಾಕ್ಟೋಸ್ ಎಂಬುದು ಹಾಲಿನಲ್ಲಿರುವ ಸಕ್ಕರೆ. ಅದನ್ನು ಒಡೆದು ದೇಹಕ್ಕೆ ದಕ್ಕುವಂತೆ ಮಾಡುವ ಲ್ಯಾಕ್ಟೇಸ್ ಎಂಬ ಕಿಣ್ವ ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುತ್ತದೆ. ಎದೆಹಾಲು ಕುಡಿಯುವ ವಯಸ್ಸಿನಲ್ಲಿ ಈ ಕಿಣ್ವ ಹೇರಳವಾಗಿರುತ್ತದೆ. ಬೆಳೆದಂತೆಲ್ಲ ಅದರ ಉತ್ಪತ್ತಿ ಕಡಿಮೆಯಾಗುತ್ತ ಹೋಗುವುದು ಮನುಷ್ಯರಲ್ಲಿ ಸರ್ವೇಸಾಮಾನ್ಯ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನರ ಸ್ಥಿತಿ ಇದೇ ಆಗಿರುವುದರಿಂದ ಇದನ್ನು ಕಾಯಿಲೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಜೀರ್ಣವಾಗದೆ ಉಳಿದ ಲ್ಯಾಕ್ಟೋಸ್ ಕರುಳಿನೊಳಕ್ಕೆ ನೀರನ್ನು ಸೆಳೆದುಕೊಳ್ಳುತ್ತದೆ, ಅದರಿಂದ ಭೇದಿಯಾಗುತ್ತದೆ. ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಹೈಡ್ರೋಜನ್ ಮೊದಲಾದ ಅನಿಲಗಳನ್ನು ಹೊರಬಿಡುತ್ತವೆ, ಅದರಿಂದ ಉಬ್ಬರ ಮತ್ತು ಸದ್ದು. ಎಷ್ಟೇ ಕಿರಿಕಿರಿಯಾದರೂ ಇದರಿಂದ ಗಂಟಲು ಊದಿಕೊಳ್ಳುವುದಿಲ್ಲ, ಉಸಿರು ಕಟ್ಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ.

ಹಾಲಿನ ಅಲರ್ಜಿಯ ಹಾದಿಯೇ ಬೇರೆ. ಅದಕ್ಕೆ ಕಾರಣ ಸಕ್ಕರೆಯಲ್ಲ, ಕೇಸೀನ್ ಮುಂತಾದ ಹಾಲಿನ ಪ್ರೋಟೀನುಗಳು. ಕೆಲವರ ರೋಗನಿರೋಧಕ ವ್ಯವಸ್ಥೆ ಈ ನಿರುಪದ್ರವಿ ಪ್ರೋಟೀನನ್ನು ಶತ್ರುವೆಂದು ಗುರುತಿಸಿ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಚರ್ಮ, ಶ್ವಾಸನಾಳ ಮತ್ತು ಕರುಳಿನಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಅಂಟಿಕೊಂಡು ಕಾದಿರುತ್ತವೆ. ಮುಂದೆ ಅದೇ ಪ್ರೋಟೀನು ದೇಹವನ್ನು ಹೊಕ್ಕಾಗ ಆ ಕೋಶಗಳು ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಪಿತ್ತದ ಗಂಧೆಗಳು, ತುಟಿ ಮತ್ತು ಕಣ್ಣಿನ ಸುತ್ತ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳುವುದು ಹೀಗೆ. ಅಸಹಿಷ್ಣುತೆಯಲ್ಲಿ ಎಷ್ಟು ತಿಂದಿರಿ ಎಂಬುದರ ಮೇಲೆ ತೊಂದರೆ ನಿಂತಿರುತ್ತದೆ. ಅಲರ್ಜಿಯಲ್ಲಿ ಒಂದು ಹನಿಯೂ ಸಾಕಾಗಬಹುದು.

ಆದ್ದರಿಂದ ಮೊಸರನ್ನು ಮತ್ತೆ ಸೇವಿಸಲು ನೀವು ಹಿಂಜರಿಯಬೇಕಾಗಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಆಗಲೇ ಒಡೆದಿರುತ್ತವೆ, ಹೊಟ್ಟೆ ಸೇರಿದ ಮೇಲೂ ಆ ಕೆಲಸಕ್ಕೆ ನೆರವಾಗುತ್ತವೆ. ಹಳೆಯದಾಗಿಸಿದ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ಅತ್ಯಲ್ಪ. ಹಾಲನ್ನೇ ಕುಡಿಯಬೇಕೆನಿಸಿದರೆ ಬರಿಹೊಟ್ಟೆಯಲ್ಲಿ ಬೇಡ, ಊಟದ ಜೊತೆಗೆ ಅರ್ಧ ಲೋಟದಿಂದ ಆರಂಭಿಸಿ ನೋಡಿ. ಲ್ಯಾಕ್ಟೋಸ್ ಒಗ್ಗದವರಲ್ಲಿ ಬಹಳ ಮಂದಿ ಒಂದು ಹೊತ್ತಿಗೆ 12 ಗ್ರಾಂನಷ್ಟನ್ನು, ಅಂದರೆ ಸುಮಾರು 250 ಮಿಲಿಲೀಟರ್ ಹಾಲಿನಲ್ಲಿರುವಷ್ಟನ್ನು, ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಲ್ಯಾಕ್ಟೋಸ್ ತೆಗೆದ ಹಾಲೂ ನಿಮಗೆ ಒಗ್ಗುತ್ತದೆ. ಆದರೆ ಆ ಹಾಲಿನಲ್ಲಿ ಪ್ರೋಟೀನುಗಳೆಲ್ಲ ಹಾಗೆಯೇ ಇರುವುದರಿಂದ, ಹಾಲಿನ ಅಲರ್ಜಿ ಇರುವ ಮಗುವಿಗೆ ಅದನ್ನು ಸುರಕ್ಷಿತವೆಂದು ಯಾರೂ ಕೊಡಬಾರದು. ಹಸುವಿನ ಹಾಲಿನ ಬದಲು ಮೇಕೆಯ ಹಾಲು ಕೊಟ್ಟರಾಗದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಎರಡರ ಪ್ರೋಟೀನುಗಳು ತೀರ ಹೋಲುವುದರಿಂದ ಅಲರ್ಜಿ ಇರುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಅದೂ ಆಗದು.

ಒಂದು ಎಚ್ಚರಿಕೆ ಮಾತ್ರ ಇದೆ. ಹೊಟ್ಟೆಯ ತೊಂದರೆಯ ಜೊತೆಗೆ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಂತೆ ಭೇದಿಯಾದರೆ ಅದನ್ನು ಹಾಲಿನ ಮೇಲೆ ಹೊರಿಸದೆ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನಮ್ಮ ಒಂದೂವರೆ ವರ್ಷದ ಮಗನಿಗೆ ಬೇಯಿಸಿದ ಮೊಟ್ಟೆಯನ್ನು ಸ್ವಲ್ಪ ತಿನ್ನಿಸಿದ ಹತ್ತು ನಿಮಿಷಕ್ಕೆಲ್ಲ ಮುಖ, ಎದೆಯ ಮೇಲೆ ದದ್ದುಗಳೆದ್ದವು, ಕಣ್ಣು ಊದಿಕೊಂಡಿತು, ಒಮ್ಮೆ ವಾಂತಿಯಾಯಿತು. ಮನೆಯಲ್ಲಿದ್ದ ಅಲರ್ಜಿಯ ಸಿರಪ್ ಕೊಟ್ಟೆವು, ಸಂಜೆಯ ಹೊತ್ತಿಗೆ ಎಲ್ಲವೂ ಕಡಿಮೆಯಾಯಿತು. ಸ್ವಲ್ಪ ಸ್ವಲ್ಪವೇ ಕೊಟ್ಟು ಅಭ್ಯಾಸ ಮಾಡಿಸಿ ಎಂದು ಹಿರಿಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಮನೆಯಲ್ಲಿ ಆ ಪ್ರಯೋಗ ಮಾಡಬೇಡಿ. ತಿಂದ ನಿಮಿಷಗಳಲ್ಲೇ ಚರ್ಮ ಮತ್ತು ಹೊಟ್ಟೆ ಎರಡರಲ್ಲೂ ಲಕ್ಷಣಗಳು ಕಾಣಿಸಿಕೊಂಡಿರುವುದರಿಂದ ಇದು ಅಲರ್ಜಿಯೇ ಇರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ತಜ್ಞರನ್ನು ಕಾಣುವವರೆಗೆ ಮೊಟ್ಟೆಯನ್ನೂ ಮೊಟ್ಟೆ ಸೇರಿದ ತಿನಿಸುಗಳನ್ನೂ ಕೊಡಬೇಡಿ. ಮೊದಲ ಸಲ ಹಗುರವಾಗಿ ಮುಗಿಯಿತೆಂಬ ಕಾರಣಕ್ಕೆ ಮುಂದಿನ ಸಲವೂ ಹಾಗೆಯೇ ಮುಗಿಯುತ್ತದೆಂದು ಯಾರೂ ಭರವಸೆ ಕೊಡಲಾಗದು. ಅಂದು ತಿಂದ ಪ್ರಮಾಣ, ಮಗುವಿಗೆ ಜ್ವರ ಇದ್ದುದು, ಉಬ್ಬಸ ಹತೋಟಿಯಲ್ಲಿ ಇಲ್ಲದಿರುವುದು ಹೀಗೆ ಹಲವು ಸಂಗತಿಗಳು ಸೇರಿ ಪ್ರತಿಕ್ರಿಯೆಯ ತೀವ್ರತೆಯನ್ನು ನಿರ್ಧರಿಸುತ್ತವೆ.

ಅಲರ್ಜಿಯ ತೀವ್ರ ರೂಪಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರು. ಅದನ್ನು ಗುರುತಿಸುವುದನ್ನು ಮನೆಯ ಎಲ್ಲರೂ ಕಲಿತಿರಬೇಕು. ದನಿ ಗೊಗ್ಗರಾಗುವುದು, ಬಿಡದೆ ಕೆಮ್ಮುವುದು, ಉಸಿರಾಡುವಾಗ ಸುಯ್ಯೆಂಬ ಸದ್ದು, ನಾಲಿಗೆ ಊದುವುದು, ನುಂಗಲು ಕಷ್ಟವಾಗುವುದು, ಮೇಲಿಂದ ಮೇಲೆ ವಾಂತಿ, ಮುಖ ಬಿಳಿಚಿಕೊಂಡು ಮಗು ಇದ್ದಕ್ಕಿದ್ದಂತೆ ಸೊರಗಿ ಕೈಕಾಲು ಜೋಲುಬೀಳುವುದು ಇದರ ಲಕ್ಷಣಗಳು. ಚರ್ಮದ ಮೇಲೆ ಒಂದೂ ದದ್ದು ಇಲ್ಲದೆಯೂ ಅನಾಫಿಲಾಕ್ಸಿಸ್ ಆಗಬಹುದು. ಇದನ್ನು ಅನೇಕರು ನಂಬುವುದಿಲ್ಲ, ಅದರಿಂದಲೇ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಇಂಥ ಹೊತ್ತಿನಲ್ಲಿ ಮೊದಲು ಕೊಡಬೇಕಾದ ಔಷಧಿ ಒಂದೇ, ಅದು ಅಡ್ರಿನಾಲಿನ್. ತೊಡೆಯ ಹೊರಭಾಗದ ನಡುವಿನ ಸ್ನಾಯುವಿಗೆ ಅದನ್ನು ಚುಚ್ಚಬೇಕು. ಒತ್ತಿದೊಡನೆ ತಾನಾಗಿಯೇ ಔಷಧಿ ಚುಚ್ಚುವ ಸ್ವಯಂಚಾಲಿತ ಪೆನ್ ಆಗಿದ್ದರೆ ಬಟ್ಟೆಯ ಮೇಲಿನಿಂದಲೇ ಚುಚ್ಚಬಹುದು. ಚುಚ್ಚಿದ ಮೇಲೆ ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಿಡಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಎತ್ತಿ ನಿಲ್ಲಿಸುವುದು, ನಡೆಸುವುದು ಖಂಡಿತ ಕೂಡದು, ಏಕೆಂದರೆ ರಕ್ತದೊತ್ತಡ ಕುಸಿದಿರುವಾಗ ಹಠಾತ್ತನೆ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಪ್ರಾಣಾಪಾಯವಾಗುತ್ತದೆ. ತಕ್ಷಣ ಆಂಬುಲೆನ್ಸ್ ಕರೆಸಿ. 5ರಿಂದ 15 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಎರಡನೆಯ ಚುಚ್ಚುಮದ್ದು ಬೇಕಾಗುತ್ತದೆ. ಪೂರ್ತಿ ಗುಣವಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವರಲ್ಲಿ ಗಂಟೆಗಳ ನಂತರ ಲಕ್ಷಣಗಳು ಮರುಕಳಿಸುತ್ತವೆ. ನೀವು ಕೊಟ್ಟ ಸಿರಪ್ ತುರಿಕೆ, ದದ್ದುಗಳನ್ನು ತಗ್ಗಿಸುತ್ತದೆ ಅಷ್ಟೆ. ಊದಿಕೊಳ್ಳುತ್ತಿರುವ ಗಂಟಲನ್ನಾಗಲಿ, ಕುಸಿಯುತ್ತಿರುವ ರಕ್ತದೊತ್ತಡವನ್ನಾಗಲಿ ತಡೆಯುವ ಶಕ್ತಿ ಅದಕ್ಕಿಲ್ಲ.

ಅಡ್ರಿನಾಲಿನ್ ಪೆನ್ ಎಲ್ಲ ದೇಶಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ಸಿಗದ ಕಡೆ ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಸಿರಿಂಜಿನ ಮೂಲಕ ಕೊಡುವುದನ್ನು ವೈದ್ಯರಿಂದಲೇ ಕಲಿತುಕೊಳ್ಳಬೇಕು. ಯಾವ ಲಕ್ಷಣಕ್ಕೆ ಏನು ಮಾಡಬೇಕು ಎಂಬುದನ್ನು ಅವರಿಂದ ಒಂದು ಹಾಳೆಯಲ್ಲಿ ಬರೆಸಿಕೊಂಡು ಮನೆಯಲ್ಲೂ ಮಗುವನ್ನು ನೋಡಿಕೊಳ್ಳುವವರ ಬಳಿಯೂ ಇಡಿ.

ಲಸಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಮೊಟ್ಟೆಯ ಅಲರ್ಜಿ ಎಂದೊಡನೆ ತಂದೆತಾಯಿಯರು ದಡಾರದ ಲಸಿಕೆಯನ್ನು ಮುಂದೂಡುವುದುಂಟು. ಅದರ ಅಗತ್ಯವಿಲ್ಲ, ಮೊಟ್ಟೆ ಆಗದ ಮಕ್ಕಳಿಗೂ ಆ ಲಸಿಕೆ ಸುರಕ್ಷಿತ. ಹಳದಿ ಜ್ವರದ ಲಸಿಕೆಗೆ ಮಾತ್ರ ಮೊದಲೇ ಅಲರ್ಜಿ ತಜ್ಞರ ಸಲಹೆ ಪಡೆಯಬೇಕು.

ಪ್ರಶ್ನೆ: ಸದಾ ಆಯಾಸ, ತಲೆನೋವು ಇದ್ದುದರಿಂದ ಒಂದು ಕಡೆ ರಕ್ತ ಕೊಟ್ಟು ಆಹಾರದ ಅಸಹಿಷ್ಣುತೆಯ ಪರೀಕ್ಷೆ ಮಾಡಿಸಿದೆ. ಹಾಲು, ಗೋಧಿ, ಮೊಟ್ಟೆ, ಟೊಮ್ಯಾಟೊ ಸೇರಿದಂತೆ ಉದ್ದನೆಯ ಪಟ್ಟಿಯೇ ಕೆಂಪು ಬಣ್ಣದಲ್ಲಿ ಬಂದಿದೆ. ಎಲ್ಲವನ್ನೂ ಬಿಟ್ಟ ಮೇಲೆ ತೂಕ ಇಳಿದಿದೆ, ಆಯಾಸ ಹಾಗೆಯೇ ಇದೆ. ವರದಿಯಲ್ಲಿ ಐಜಿಜಿ ಎಂದು ಬರೆದಿದೆ. ಮುಂದೇನು ಮಾಡಲಿ?

ಉತ್ತರ: ಆ ವರದಿಯನ್ನು ನಂಬಿ ಬಿಟ್ಟ ಆಹಾರಗಳಲ್ಲಿ, ಮೊದಲು ನೀವು ತೊಂದರೆಯಿಲ್ಲದೆ ತಿನ್ನುತ್ತಿದ್ದ ಎಲ್ಲವನ್ನೂ ಮತ್ತೆ ತಿನ್ನಲು ಆರಂಭಿಸಿ. ಇದನ್ನು ಇಷ್ಟು ನೇರವಾಗಿ ಹೇಳಲು ಕಾರಣವಿದೆ. ಐಜಿಜಿ ಪ್ರತಿಕಾಯಗಳು ನಾವು ಆಗಾಗ ತಿನ್ನುವ ಆಹಾರಗಳ ವಿರುದ್ಧ ಆರೋಗ್ಯವಂತರಲ್ಲೂ ಇರುತ್ತವೆ. ದೇಹಕ್ಕೆ ಆ ಆಹಾರದ ಪರಿಚಯವಿದೆ ಎಂಬುದನ್ನಷ್ಟೇ ಅವು ತೋರಿಸುತ್ತವೆ. ಅವುಗಳಲ್ಲಿ ಐಜಿಜಿ4 ಎಂಬ ಬಗೆ, ಅಲರ್ಜಿ ಇದ್ದವರು ಚಿಕಿತ್ಸೆಯಿಂದ ಆ ಆಹಾರಕ್ಕೆ ಒಗ್ಗಿಕೊಳ್ಳತೊಡಗಿದಾಗ ಹೆಚ್ಚುತ್ತದೆ. ಹೀಗಿರುವಾಗ ನಿಮ್ಮ ಪಟ್ಟಿಯಲ್ಲಿ ಕೆಂಪಾಗಿ ಬಂದವು ನಿಮ್ಮ ದಿನನಿತ್ಯದ ಆಹಾರಗಳೇ ಆಗಿದ್ದರೆ ಆಶ್ಚರ್ಯವಿಲ್ಲ. ಅಮೆರಿಕ, ಕೆನಡಾ ಮತ್ತು ಯುರೋಪಿನ ಅಲರ್ಜಿ ತಜ್ಞರ ಸಂಘಗಳು ಈ ಪರೀಕ್ಷೆಯನ್ನು ರೋಗ ಪತ್ತೆಗೆ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿವೆ. ಬಳಲಿದ ಜನರಿಂದ ಹಣ ಪಡೆದು ಇಂಥ ಪಟ್ಟಿಯನ್ನು ಕೈಗಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಇದರಿಂದ ತಟ್ಟೆ ಬರಿದಾಗುತ್ತದೆ, ಅಸಲು ಕಾರಣ ಪತ್ತೆಯಾಗದೆ ಉಳಿಯುತ್ತದೆ. ನಿಮ್ಮ ಆಯಾಸಕ್ಕೆ ರಕ್ತಹೀನತೆ, ಥೈರಾಯ್ಡ್, ನಿದ್ದೆಯ ಕೊರತೆ, ಖಿನ್ನತೆ ಇವುಗಳಲ್ಲಿ ಯಾವುದಾದರೂ ಕಾರಣವಿದೆಯೇ ಎಂದು ನಿಮ್ಮ ವೈದ್ಯರು ನೋಡಲಿ.

ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ ಐಜಿಇ. ಅದರ ಇರವು ಮೊದಲು ಗೊತ್ತಾದ ಬಗೆ ಸ್ವಾರಸ್ಯಕರವಾಗಿದೆ. 1921ರಲ್ಲಿ ಜರ್ಮನಿಯ ಕ್ಯುಸ್ಟ್ನರ್ ಎಂಬ ವೈದ್ಯರಿಗೆ ಮೀನು ತಿಂದರೆ ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಪ್ರೌಸ್ನಿಟ್ಸ್ ಅವರಿಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಕ್ಯುಸ್ಟ್ನರ್ ಅವರ ರಕ್ತದ ಸೀರಮನ್ನು (ರಕ್ತಕಣಗಳನ್ನು ಬೇರ್ಪಡಿಸಿದ ತಿಳಿದ್ರವವನ್ನು) ಪ್ರೌಸ್ನಿಟ್ಸ್ ತಮ್ಮ ಚರ್ಮದೊಳಕ್ಕೆ ಚುಚ್ಚಿಸಿಕೊಂಡು, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಸಿಕೊಂಡಾಗ ಅಲ್ಲಿ ಗಂಧೆ ಎದ್ದಿತು. ಅಲರ್ಜಿ ಉಂಟುಮಾಡುವ ಯಾವುದೋ ಅಂಶ ರಕ್ತದಲ್ಲಿದೆ ಎಂಬುದು ಇದರಿಂದ ಖಚಿತವಾಯಿತು. ಆ ಅಂಶ ಐಜಿಇ ಎಂದು ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳೂ ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಕಂಡುಕೊಂಡದ್ದು 1960ರ ದಶಕದ ಉತ್ತರಾರ್ಧದಲ್ಲಿ.

ಇಂದು ಚರ್ಮದ ಮೇಲೆ ಆಹಾರದ ಸಾರದ ಹನಿಯಿಟ್ಟು ಸಣ್ಣಗೆ ಚುಚ್ಚಿ ನೋಡುವ ಪರೀಕ್ಷೆಯೂ, ರಕ್ತದಲ್ಲಿ ಐಜಿಇ ಅಳೆಯುವ ಪರೀಕ್ಷೆಯೂ ಬಳಕೆಯಲ್ಲಿವೆ. ಚುಚ್ಚಿದ ಕಡೆ 15 ನಿಮಿಷದ ನಂತರ ಎದ್ದ ಗಂಧೆ 3 ಮಿಲಿಮೀಟರಿಗಿಂತ ಕಡಿಮೆ ಇಲ್ಲದಿದ್ದರೆ ಪರೀಕ್ಷೆ ಪಾಸಿಟಿವ್ ಎನ್ನುತ್ತಾರೆ. ಆದರೆ ಈ ಪರೀಕ್ಷೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪಾಸಿಟಿವ್ ಬಂದವರಲ್ಲಿ ಅನೇಕರು ಆ ಆಹಾರವನ್ನು ನಿರಾತಂಕವಾಗಿ ತಿನ್ನುತ್ತಿರುತ್ತಾರೆ; ಗಂಧೆಯ ಗಾತ್ರದಿಂದ ಮುಂದಿನ ಪ್ರತಿಕ್ರಿಯೆಯ ತೀವ್ರತೆಯನ್ನೂ ಹೇಳಲಾಗದು. ತಿಂದಾಗ ಏನಾಯಿತು ಎಂಬ ನಿಮ್ಮ ವಿವರಣೆಯೇ ಮೊದಲ ಸಾಕ್ಷ್ಯ, ಪರೀಕ್ಷೆ ಅದರ ಬೆನ್ನಿಗೆ ಬರಬೇಕು. ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ, ತಜ್ಞರ ಕಣ್ಣೆದುರಿನಲ್ಲಿ, ಆ ಆಹಾರವನ್ನು ಅತಿ ಸಣ್ಣ ಪ್ರಮಾಣದಿಂದ ಹೆಚ್ಚಿಸುತ್ತ ತಿನ್ನಿಸಿ ನೋಡುವುದೇ ಕೊನೆಯ ತೀರ್ಮಾನ. ಅಸಹಿಷ್ಣುತೆಯನ್ನು ಪತ್ತೆಹಚ್ಚುವ ಸರ್ವಸಾಮಾನ್ಯ ರಕ್ತಪರೀಕ್ಷೆ ಎಂಬುದಂತೂ ಇಲ್ಲವೇ ಇಲ್ಲ. ಲ್ಯಾಕ್ಟೋಸಿಗೆ ಉಸಿರಿನ ಹೈಡ್ರೋಜನ್ ಪರೀಕ್ಷೆ ಇದೆ. ಉಳಿದವುಗಳಿಗೆ ತಿಂದದ್ದು, ಹೊತ್ತು, ಲಕ್ಷಣ ಇವನ್ನು ಕೆಲವು ವಾರ ಬರೆದಿಡುವುದೂ, ಸಂದೇಹದ ಆಹಾರವೊಂದನ್ನು ಬಿಟ್ಟು ಮತ್ತೆ ತಿಂದು ನೋಡುವುದೂ ದಾರಿ.

ಪ್ರಶ್ನೆ: ಗೋಧಿ ಬಿಟ್ಟಾಗಿನಿಂದ ಹೊಟ್ಟೆಯ ಉಬ್ಬರ ಕಡಿಮೆಯಾಗಿದೆ. ನನಗೆ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ಈಗ ಪರೀಕ್ಷೆ ಮಾಡಿಸಬಹುದೇ?

ಉತ್ತರ: ಈಗಲೇ ಮಾಡಿಸಿದರೆ ಫಲಿತಾಂಶ ದಾರಿತಪ್ಪಿಸಬಹುದು. ಸೀಲಿಯಾಕ್ ಎಂಬುದು ಅಲರ್ಜಿಯೂ ಅಲ್ಲ, ಅಸಹಿಷ್ಣುತೆಯೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ದೇಹದೊಳಗೆ ಹೋದಾಗ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡಹುವ ಕಾಯಿಲೆ ಇದು. ಸುಮಾರು ನೂರರಲ್ಲಿ ಒಬ್ಬರಿಗೆ ಇರುತ್ತದೆ. ಹೊಟ್ಟೆಯ ತೊಂದರೆ ಅಷ್ಟಾಗಿ ಇಲ್ಲದೆ, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆಯಾಗಿ ಅಥವಾ ಮೂಳೆಯ ಸವೆತವಾಗಿ ಕಾಣಿಸಿಕೊಳ್ಳುವುದೂ ಉಂಟು. ಟಿಟಿಜಿ ಎಂಬ ಪ್ರತಿಕಾಯದ ರಕ್ತಪರೀಕ್ಷೆಯೂ ಕರುಳಿನ ಒಳಪದರದ ಚೂರನ್ನು ತೆಗೆದು ನೋಡುವ ಬಯಾಪ್ಸಿಯೂ ಇದನ್ನು ಗುರುತಿಸುತ್ತವೆ. ಆದರೆ ಗ್ಲುಟನ್ ಬಿಟ್ಟ ಮೇಲೆ ಪ್ರತಿಕಾಯ ಇಳಿಯುತ್ತದೆ, ಕರುಳು ಚೇತರಿಸಿಕೊಳ್ಳುತ್ತದೆ, ಕಾಯಿಲೆ ಇದ್ದರೂ ಇಲ್ಲವೆಂದು ವರದಿ ಬರುತ್ತದೆ. ಹಾಗಾಗಿ ಪರೀಕ್ಷೆ ಮುಗಿಯುವವರೆಗೆ ಗೋಧಿಯನ್ನು ಬಿಡಬಾರದು. ಬಿಟ್ಟಾಗಿರುವ ನೀವು ವೈದ್ಯರ ಸೂಚನೆಯಂತೆ ಕೆಲವು ವಾರ ಮತ್ತೆ ತಿಂದು ನಂತರ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ತಿನ್ನುವುದೇ ಅಸಾಧ್ಯವೆನಿಸಿದರೆ ಎಚ್‌ಎಲ್‌ಎ ಎಂಬ ವಂಶವಾಹಿ ಪರೀಕ್ಷೆ ಇದೆ. ಅದು ನೆಗೆಟಿವ್ ಬಂದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲವೆಂದೇ ತಿಳಿಯಬಹುದು.

ಇಷ್ಟು ಶ್ರಮ ಏಕೆಂದರೆ ಸೀಲಿಯಾಕ್ ಇದ್ದವರು ಜೀವನಪರ್ಯಂತ ಗ್ಲುಟನ್ನಿನ ತುಣುಕನ್ನೂ ತಿನ್ನುವಂತಿಲ್ಲ, ಅವರ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಸೀಲಿಯಾಕ್ ಇಲ್ಲದವರಿಗೆ ಅಷ್ಟು ಕಟ್ಟುನಿಟ್ಟು ಬೇಡ. ಗೋಧಿಯಿಂದ ಉಬ್ಬರಿಸುವ ಹಲವರಲ್ಲಿ ತೊಂದರೆ ಕೊಡುವುದು ಗ್ಲುಟನ್ ಅಲ್ಲ, ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟು. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಅವನ್ನು ತಿಂದಾಗಲೂ ನಿಮಗೆ ಹೀಗೆಯೇ ಆಗುತ್ತದೆಯೇ ಎಂದು ಗಮನಿಸಿ.

ಪ್ರಶ್ನೆ: ನಲವತ್ತು ದಾಟುವವರೆಗೂ ಸಿಗಡಿ ತಿಂದಿದ್ದೇನೆ. ಕಳೆದ ಎರಡು ಸಲ ಮಾತ್ರ ಮೈಯೆಲ್ಲ ಗಂಧೆ ಎದ್ದು ಉಸಿರು ಬಿಗಿಯಿತು. ಈ ವಯಸ್ಸಿನಲ್ಲಿ ಹೊಸದಾಗಿ ಅಲರ್ಜಿ ಬರುವುದುಂಟೇ?

ಉತ್ತರ: ಉಂಟು. ಅಲರ್ಜಿ ಯಾವ ವಯಸ್ಸಿನಲ್ಲೂ ಆರಂಭವಾಗಬಹುದು, ವಯಸ್ಕರಲ್ಲಿ ಹೊಸದಾಗಿ ಕಾಣಿಸುವುದರಲ್ಲಿ ಸಿಗಡಿ, ಏಡಿಗಳದ್ದು ಮುಖ್ಯ ಪಾಲು. ಉಸಿರು ಬಿಗಿದಿದೆ ಎಂದ ಮೇಲೆ ಮೂರನೆಯ ಸಲ ಪರೀಕ್ಷಿಸಿ ನೋಡುವ ಮಾತೇ ಬೇಡ; ಸಿಗಡಿ, ಏಡಿಗಳನ್ನು ನಿಲ್ಲಿಸಿ, ಬೇಗ ತಜ್ಞರನ್ನು ಕಂಡು ಅಡ್ರಿನಾಲಿನ್ ಇಟ್ಟುಕೊಳ್ಳುವ ಬಗ್ಗೆ ಕೇಳಿ. ಚೆನ್ನಾಗಿ ಬೇಯಿಸಿದರೆ ಆದೀತೆಂದು ಎಣಿಸಬೇಡಿ, ಸಿಗಡಿಯ ಮುಖ್ಯ ಅಲರ್ಜಿಕಾರಕವಾದ ಟ್ರೋಪೋಮಯೋಸಿನ್ ಬೆಂಕಿಗೂ ಜಗ್ಗದ ಪ್ರೋಟೀನು. ಮೀನಿನ ಅಲರ್ಜಿ ಬೇರೆ ಪ್ರೋಟೀನಿನದು, ಸಿಗಡಿ ಆಗದವರೆಲ್ಲರೂ ಮೀನು ಬಿಡಬೇಕೆಂದಿಲ್ಲ.

ತಜ್ಞರ ಬಳಿ ಹೋದಾಗ ಆ ಎರಡು ಸಲವೂ ಊಟದ ಹಿಂದೆ ಮುಂದೆ ಏನಿತ್ತು ಎಂಬುದನ್ನು ಹೇಳಿ. ಊಟವಾದ ಮೇಲೆ ಓಡಿದ್ದು, ಮದ್ಯ ಸೇವಿಸಿದ್ದು, ನೋವಿನ ಮಾತ್ರೆ ನುಂಗಿದ್ದು ಇವೆಲ್ಲ ಅಲರ್ಜಿಯನ್ನು ಕೆರಳಿಸುತ್ತವೆ. ಕೆಲವರಿಗೆ ಗೋಧಿ ತಿಂದು ವ್ಯಾಯಾಮ ಮಾಡಿದರೆ ಮಾತ್ರ ಪ್ರತಿಕ್ರಿಯೆಯಾಗುತ್ತದೆ. ಉಣ್ಣೆ ಹುಳ ಕಚ್ಚಿದ ನಂತರ ಕೆಲವರಲ್ಲಿ ಹುಟ್ಟುವ ಕೆಂಪು ಮಾಂಸದ ಅಲರ್ಜಿಯಲ್ಲಂತೂ ಲಕ್ಷಣಗಳು ಊಟವಾಗಿ ಎರಡರಿಂದ ಆರು ಗಂಟೆಗಳ ಮೇಲೆ, ಎಷ್ಟೋ ಸಲ ನಡುರಾತ್ರಿಯಲ್ಲಿ ಕಾಣಿಸುವುದರಿಂದ ಕಾರಣವೇ ಹೊಳೆಯದೆ ಹೋಗುತ್ತದೆ.

ಪ್ರಶ್ನೆ: ಹಸಿ ಸೇಬು ಕಚ್ಚಿದರೆ ಬಾಯಿ, ಗಂಟಲು ತುರಿಸುತ್ತದೆ. ಬೇಯಿಸಿದ ಸೇಬಿನಿಂದ ಏನೂ ಇಲ್ಲ. ಇದು ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಕೆಲವು ಮರಗಿಡಗಳ ಪರಾಗಕ್ಕೆ ಅಲರ್ಜಿ ಇರುವವರಲ್ಲಿ, ಆ ಪರಾಗದ ಪ್ರೋಟೀನನ್ನು ಹೋಲುವ ಹಣ್ಣು ತರಕಾರಿಗಳಿಂದ ಹೀಗಾಗುತ್ತದೆ. ಈ ಪ್ರೋಟೀನು ಶಾಖಕ್ಕೆ ಕೆಡುವುದರಿಂದ ಬೇಯಿಸಿದ್ದು ಒಗ್ಗುತ್ತದೆ. ತುರಿಕೆ ಬಾಯಿಗಷ್ಟೇ ಸೀಮಿತವಾಗಿ ಬೇಗ ಇಳಿದರೆ ಆತಂಕ ಬೇಡ. ಊತ, ವಾಂತಿ, ಉಬ್ಬಸ ಕಂಡರೆ ಅಥವಾ ಬೇಯಿಸಿದ್ದರಿಂದಲೂ ಆಗತೊಡಗಿದರೆ ತೋರಿಸಿಕೊಳ್ಳಿ.

ಪ್ರಶ್ನೆ: ನನ್ನ ಹಿರಿಯ ಮಗಳಿಗೆ ಕಡಲೆಕಾಯಿಯ ಅಲರ್ಜಿ ಇದೆ. ನಾನು ಈಗ ಎರಡನೆಯ ಬಾರಿ ಗರ್ಭಿಣಿ. ಹುಟ್ಟುವ ಮಗುವಿಗೆ ಅದು ಬರದಿರಲು ನಾನು ಕಡಲೆಕಾಯಿ ಬಿಡಬೇಕೇ? ಮಗುವಿಗೆ ಎಷ್ಟು ವರ್ಷದವರೆಗೆ ಕೊಡಬಾರದು?

ಉತ್ತರ: ನೀವು ಬಿಡಬೇಕಾಗಿಲ್ಲ. ಗರ್ಭಿಣಿಯಾಗಲಿ ಬಾಣಂತಿಯಾಗಲಿ ಆಹಾರ ಬಿಡುವುದರಿಂದ ಮಗುವಿನ ಅಲರ್ಜಿಯನ್ನು ತಡೆಯಬಹುದೆಂಬುದಕ್ಕೆ ಆಧಾರವಿಲ್ಲ. ತಡವಾಗಿ ಕೊಟ್ಟಷ್ಟೂ ಒಳ್ಳೆಯದೆಂಬ ತಿಳಿವಳಿಕೆ ಈಗ ತಲೆಕೆಳಗಾಗಿದೆ. ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು. 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನಿಂದ ಲೀಪ್ ಎಂಬ ಅಧ್ಯಯನ ಪ್ರಕಟವಾಯಿತು. ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಶಿಶುಗಳಲ್ಲಿ ಒಂದು ಗುಂಪಿಗೆ ಕಡಲೆಕಾಯಿಯನ್ನು ನಿಯಮಿತವಾಗಿ ತಿನ್ನಿಸಿದರು, ಇನ್ನೊಂದಕ್ಕೆ ಸ್ವಲ್ಪವೂ ಕೊಡಲಿಲ್ಲ. ಆರಂಭದ ಚರ್ಮ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರದಿದ್ದ ಮಕ್ಕಳನ್ನು ಐದು ವರ್ಷವಾದಾಗ ನೋಡಿದರೆ, ತಿನ್ನದೆ ಬೆಳೆದವರಲ್ಲಿ ಶೇ. 13.7ರಷ್ಟು ಮಕ್ಕಳಿಗೆ ಕಡಲೆಕಾಯಿಯ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 1.9ರಷ್ಟು ಮಕ್ಕಳಿಗೆ ಮಾತ್ರ. ಬಿರುಕುಬಿಟ್ಟ ಚರ್ಮದ ಮೂಲಕ ಮೊದಲು ಪರಿಚಯವಾದ ಆಹಾರವನ್ನು ದೇಹ ಶತ್ರುವಾಗಿ ಕಾಣುತ್ತದೆ, ಬಾಯಿಯ ಮೂಲಕ ಬಂದದ್ದನ್ನು ಒಪ್ಪಿಕೊಳ್ಳುತ್ತದೆ ಎಂದು ಈಗ ತಜ್ಞರು ಭಾವಿಸುತ್ತಾರೆ. ಎಕ್ಸಿಮಾ ಇರುವ ಮಗುವಿನ ಚರ್ಮದ ಆರೈಕೆ ಚೆನ್ನಾಗಿ ಆಗಬೇಕೆನ್ನುವುದು ಇದೇ ಕಾರಣಕ್ಕೆ.

ಹಾಗಾಗಿ ಘನ ಆಹಾರ ಆರಂಭಿಸುವ ವಯಸ್ಸಿನಲ್ಲಿ, ಸುಮಾರು ಆರು ತಿಂಗಳಿಗೆ, ಕಡಲೆಕಾಯಿಯನ್ನೂ ಮೊಟ್ಟೆಯನ್ನೂ ಪರಿಚಯಿಸಿ, ಒಗ್ಗಿದರೆ ವಾರಕ್ಕೆ ಕೆಲವು ಸಲ ಕೊಡುತ್ತಿರಿ. ಇಡೀ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಎಂದೂ ಕೊಡಬಾರದು, ಅದು ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಿ. ಮಗುವಿಗೆ ತೀವ್ರ ಎಕ್ಸಿಮಾ ಕಂಡರೆ ಮಾತ್ರ ಮೊದಲ ತುತ್ತಿಗೆ ಮುಂಚೆ ವೈದ್ಯರನ್ನು ಕೇಳಿ. ಮನೆಯಲ್ಲಿ ಹಿರಿಯ ಮಗಳ ಸುರಕ್ಷತೆಯೂ ಮುಖ್ಯವಾದ್ದರಿಂದ ಕಿರಿಯ ಮಗುವಿಗೆ ಒಂದೇ ಜಾಗದಲ್ಲಿ ತಿನ್ನಿಸಿ, ಕೈ ಬಾಯಿಗಳನ್ನು ಸೋಪು ನೀರಿನಿಂದ ತೊಳೆಯಿರಿ. ಸ್ಯಾನಿಟೈಸರ್ ರೋಗಾಣುಗಳನ್ನು ಕೊಲ್ಲುತ್ತದೆಯಾದರೂ ಕಡಲೆಕಾಯಿಯ ಪ್ರೋಟೀನನ್ನು ಕೈಯಿಂದ ತೆಗೆಯುವುದಿಲ್ಲ.

ಪ್ರಶ್ನೆ: ಆಹಾರದ ಅಲರ್ಜಿ ಎಂದಾದರೂ ವಾಸಿಯಾಗುತ್ತದೆಯೇ?

ಉತ್ತರ: ಯಾವುದಕ್ಕೆ ಎಂಬುದರ ಮೇಲಿದೆ. ಹಾಲು, ಮೊಟ್ಟೆ, ಗೋಧಿ, ಸೋಯಾದ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರು ಬೆಳೆಯುತ್ತ ಅದನ್ನು ದಾಟುತ್ತಾರೆ. ಕಡಲೆಕಾಯಿಯದು ಸುಮಾರು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಬಾದಾಮಿ, ಗೋಡಂಬಿ, ಆಕ್ರೋಡುಗಳದ್ದು ಇನ್ನೂ ಕಡಿಮೆ ಜನರಿಗೆ. ಮೀನು, ಸಿಗಡಿಗಳದ್ದು ಸಾಮಾನ್ಯವಾಗಿ ಉಳಿಯುತ್ತದೆ. ಹಾಲು, ಮೊಟ್ಟೆ ಆಗದ ಮಕ್ಕಳಲ್ಲಿ ಬಹಳಷ್ಟು ಮಕ್ಕಳು ಹಿಟ್ಟಿನೊಂದಿಗೆ ಬೆರೆತು ಓವನ್ನಿನಲ್ಲಿ ಚೆನ್ನಾಗಿ ಬೆಂದ ತಿನಿಸನ್ನು ತಾಳಿಕೊಳ್ಳುತ್ತಾರೆ, ಆದರೆ ಅದನ್ನು ಮೊದಲು ಪರೀಕ್ಷಿಸಬೇಕಾದದ್ದು ವೈದ್ಯರ ಮುಂದೆ. ಹಾಗಾಗಿ ಮಕ್ಕಳನ್ನು ಕಾಲಕಾಲಕ್ಕೆ ಮರುಪರೀಕ್ಷೆಗೆ ಒಯ್ಯಬೇಕು, ಎಂದೋ ಹೋದ ಅಲರ್ಜಿಗೆ ಇಂದಿಗೂ ಹೆದರಿ ಕೂರಬಾರದು. ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ ದೇಹವನ್ನು ಒಗ್ಗಿಸುವ ಚಿಕಿತ್ಸೆಯೂ ತಜ್ಞರ ಉಸ್ತುವಾರಿಯಲ್ಲಿ ನಡೆಯುತ್ತದೆ. ಐಜಿಇಯನ್ನು ಕಟ್ಟಿಹಾಕುವ ಓಮಾಲಿಜುಮಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಆಹಾರದ ಅಲರ್ಜಿಗಾಗಿ ಒಪ್ಪಿಗೆ ನೀಡಿತು. ಇವೆರಡೂ ಅರಿಯದೆ ತಿಂದ ತುಣುಕಿನಿಂದ ಆಗುವ ಅಪಾಯವನ್ನು ತಗ್ಗಿಸುತ್ತವೆ. ಬೇಕಾದಷ್ಟು ತಿನ್ನಲು ಅನುಮತಿ ಎಂದು ತಿಳಿಯಬಾರದು.

ಪ್ರಶ್ನೆ: ನಮ್ಮ ಹದಿನೇಳರ ಮಗನಿಗೆ ಗೋಡಂಬಿಯ ತೀವ್ರ ಅಲರ್ಜಿ ಇದೆ. ಗೆಳೆಯರೆದುರು ನಾಚಿಕೆಯೆಂದು ಅಡ್ರಿನಾಲಿನ್ ಪೆನ್ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಹೇಗೆ ತಿಳಿಹೇಳಲಿ?

ಉತ್ತರ: ನಿಮ್ಮ ಆತಂಕ ಸಹಜ. ಆಹಾರದ ಅಲರ್ಜಿಯಿಂದ ಆಗುವ ಸಾವುಗಳು ಅಪರೂಪವಾದರೂ ಆಗುವವು ಹೆಚ್ಚಾಗಿ ಹದಿಹರೆಯದವರಲ್ಲಿ ಮತ್ತು ಯುವಕರಲ್ಲಿ. ಅಡ್ರಿನಾಲಿನ್ ಕೊಡಲು ತಡವಾದದ್ದೂ ಉಬ್ಬಸವನ್ನು ಹತೋಟಿಯಲ್ಲಿ ಇಟ್ಟುಕೊಳ್ಳದಿದ್ದುದೂ ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳು. ಆದರೆ ಈ ವಯಸ್ಸಿನವರಿಗೆ ಹೆದರಿಸಿ ಹೇಳಿದರೆ ಅವರು ಮುಚ್ಚಿಡುವುದನ್ನೇ ಕಲಿಯುತ್ತಾರೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ನೀವು ಹೊರಗೆ ಕುಳಿತು ಮಾತನ್ನು ಅವನಿಗೇ ಬಿಡಿ. ಅವಧಿ ಮೀರಿದ ಹಳೆಯ ಪೆನ್ನನ್ನು ಹಣ್ಣೊಂದಕ್ಕೆ ಚುಚ್ಚಿ ಅವನ ಇಬ್ಬರು ಆಪ್ತ ಗೆಳೆಯರಿಗೂ ಅವನೇ ತೋರಿಸಿಕೊಡಲಿ. ಎಲ್ಲರಿಗೂ ಹೇಳಬೇಕಾಗಿಲ್ಲ, ಜೊತೆಯಲ್ಲಿ ಉಣ್ಣುವ ಇಬ್ಬರಿಗೆ ಗೊತ್ತಿದ್ದರೆ ಸಾಕು. ಯಾವಾಗಲೂ ಎರಡು ಪೆನ್ನುಗಳು ಜೊತೆಗಿರಬೇಕು, ಅವನ್ನು ಬಿಸಿಲಿಗೆ ಕಾದ ಕಾರಿನಲ್ಲಾಗಲಿ ಫ್ರಿಜ್ಜಿನಲ್ಲಾಗಲಿ ಇಡಬಾರದು. ಹೊಸ ತಿನಿಸಿನಲ್ಲಿ ಏನಿದೆಯೆಂದು ಗೊತ್ತಾಗದಿದ್ದರೆ ಬೇಡವೆನ್ನಲು ಅವನಿಗೆ ಧೈರ್ಯ ಬರಬೇಕು. ಗೋಡಂಬಿ ಆಗದವರಲ್ಲಿ ಹೆಚ್ಚಿನವರಿಗೆ ಪಿಸ್ತಾ ಕೂಡ ಆಗುವುದಿಲ್ಲವೆಂಬುದನ್ನು ಅನೇಕರು ಅರಿತಿರುವುದಿಲ್ಲ, ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಅವನ ಪಟ್ಟಿಯಲ್ಲಿ ಪಿಸ್ತಾ ಇದೆಯೇ ಎಂದು ಈ ವಾರವೇ ನಿಮ್ಮ ತಜ್ಞರನ್ನು ಕೇಳಿ.